ಕಂಪ್ಯೂಟರಿಗೆ ಸೋಮವಾರ ಕಲಿಸಿದ ವಿದ್ಯಾರ್ಥಿ

ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕದ್ದು ಬೋರ್‌ವೆಲ್ ಮೋಟರಿನ ದೆಸೆಯಿಂದ. ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದಲ್ಲಿ ನಮ್ಮ ಮನೆಯವರದು ಸುಟ್ಟ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಊರ ಹೊರಗಿನ ಕೃಷಿ ಕಾಲೇಜಿನ ಮೋಟರು ಸುಟ್ಟು, ಅದನ್ನು ಹೊತ್ತು ತಂದ ಅಲ್ಲಿಯ ಕ್ಲಾರ್ಕು ಚಹಾ ಕುಡಿಯುತ್ತ ತಮ್ಮ ಕಷ್ಟ ಹೇಳಿಕೊಂಡರಂತೆ. ಪ್ರೋಗ್ರಾಮಿಂಗ್ ಕಲಿಸುವ ಮ್ಯಾಡಮ್ ಬಾಣಂತನಕ್ಕೆ ಹೋಗಿದ್ದಾರೆ, ಹುಡುಗರು ಸುಮ್ಮನೆ ಕುಳಿತಿದ್ದಾರೆ, ಈ ಊರಲ್ಲಿ ಆ ವಿದ್ಯೆ ಬಲ್ಲವರು ಸಿಗುತ್ತಿಲ್ಲ ಎಂದು.

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ ನೋಡ್ರಿ," ಅಂದರಂತೆ ನಮ್ಮವರು, ತಂತಿಯಿಂದ ಕಣ್ಣು ಎತ್ತದೆ. "ಕೊಲ್ಹಾಪುರದಾಗ ಕಂಪ್ಯೂಟರ್ ಡಿಗ್ರಿ ಮಾಡ್ಯಾಳ. ಸದ್ಯಾ ಬದ್ನಿಕಾಯಿ ಹೆಚ್ಚಾಕತ್ತಿರಬೇಕು."

ನಿಜವಾಗಿಯೂ ಬದನೆಕಾಯಿಯನ್ನೇ ಹೆಚ್ಚುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಮದುವೆಯಾಗಿ ಬಂದವಳು, ಆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟು, ಸೀರೆ ತೆಗೆದಾಗಲೆಲ್ಲ ಅದಕ್ಕೂ ಒಂದು ನಮಸ್ಕಾರ ಹಾಕುತ್ತ ಬಂದಿದ್ದೆ. ಕ್ಲಾರ್ಕು ಮನೆಗೇ ಬಂದು ಕೇಳಿದಾಗ ನಾನು ಅತ್ತೆಯವರ ಮುಖ ನೋಡಿದೆ. ಅವರು ಜಪಮಣಿ ಎಣಿಸುವುದನ್ನು ನಿಲ್ಲಿಸಿ ಅಂದರು: "ಹೋಗವಾ. ಶಿವಾ ಕೊಟ್ಟ ವಿದ್ಯಾ ಟ್ರಂಕಿನ್ಯಾಗ ಇಟ್ರ ಅದಕ್ಕೂ ನುಸಿ ಹತ್ತತೈತಿ. ಆದ್ರ ಪೂಜಾ ತಪ್ಪಬಾರ್ದು."

ಹೀಗೆ ಶಿವ ಮೊದಲ ಉಪಕಾರ ಮಾಡಿದ. ಎರಡನೆಯದನ್ನು ನನ್ನ ತವರಿನಲ್ಲೇ ಮಾಡಿಟ್ಟಿದ್ದ. ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ. ಅಪ್ಪ ರಬಕವಿ ಕಡೆಯಿಂದ ಪವರ್‌ಲೂಮ್ ಕೆಲಸಕ್ಕೆ ಬಂದವರು, ನಮ್ಮ ಖೋಲಿಯ ಹಿಂದಿನ ಗೋಡೆಗೇ ಮಗ್ಗದ ಶೆಡ್ಡು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಜಗಳ ಆಡಿದಂತೆ ಕೇಳಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಈ ಗಂಟಲಿಗಾಗಿ ನಾಚಿಕೊಂಡಿದ್ದೆ. ಕಾಲೇಜಿನಲ್ಲಿ ಮಾತ್ರ ಅದು ಉಪಯೋಗಕ್ಕೆ ಬಂತು. ಕೊನೆಯ ಬೆಂಚಿಗೆ ಮುಟ್ಟಿ, ಕಿಟಕಿ ದಾಟಿ, ಆಚೆ ಕಬ್ಬಿನ ಪ್ಲಾಟಿನಲ್ಲಿ ಕಳೆ ಕೀಳುವವರಿಗೂ ಪಾಠ ಕೇಳುತ್ತಿತ್ತು. ಕಳೆ ಕೀಳುವ ಒಬ್ಬ ಅಜ್ಜಿ ಒಮ್ಮೆ ನನ್ನನ್ನು ನಿಲ್ಲಿಸಿ, "ಬಾಯಾರ, ನೀವು ದಿನಾ ಯಾರನ್ನ ಬೈತೀರಿ?" ಎಂದು ಕೇಳಿದಳು.

ವಿದ್ಯಾರ್ಥಿಗಳು ಒಳ್ಳೆಯವರು. ಹೊಲದ ಪ್ರ್ಯಾಕ್ಟಿಕಲ್ ಮುಗಿಸಿ ನೇರ ಲ್ಯಾಬಿಗೆ ಬರುವುದರಿಂದ ಬಾಗಿಲಲ್ಲಿ ಕೆಸರಿನ ಬೂಟುಗಳ ರಾಶಿ ಬೀಳುತ್ತಿತ್ತು. ಲ್ಯಾಬ್ ನೋಡಿಕೊಳ್ಳುವ ಅಟೆಂಡರು ಅವರನ್ನು ದೇವರ ಗುಡಿಗೆ ಬಿಟ್ಟ ಹಾಗೆ ಕಾಲು ತೊಳೆಸಿಯೇ ಒಳಗೆ ಬಿಡುತ್ತಿದ್ದರು. ಮೊಬೈಲಿನಲ್ಲಿ ಎರಡೂ ಹೆಬ್ಬೆರಳು ಮಿಂಚಿನಂತೆ ಓಡಿಸುವ ಹುಡುಗರು ಕೀಬೋರ್ಡಿನ ಮುಂದೆ ಕುಳಿತರೆ ಒಂದೇ ಬೆರಳಿನಿಂದ ಕಾಳು ಊರಿದಂತೆ ಅಕ್ಷರ ಊರುತ್ತಿದ್ದರು. ಯೂರಿಯಾ ಎಷ್ಟು, ಪೊಟ್ಯಾಶ್ ಎಷ್ಟು ಎಂದರೆ ನಿದ್ದೆಯಲ್ಲೂ ಹೇಳುವವರು, "ಇಫ್" ಅಂದರೇನು ಎಂದು ಕೇಳಿದರೆ ನನ್ನನ್ನೇ ಕರುಣೆಯಿಂದ ನೋಡುತ್ತಿದ್ದರು.

ಇಫ್ ಎಂದರೆ ದೊಡ್ಡದೇನಲ್ಲ. ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು ಎಂದು ಯಂತ್ರಕ್ಕೆ ಹೇಳುವುದು, ಅಷ್ಟೇ. ಪುಸ್ತಕದಲ್ಲಿದ್ದ ಉದಾಹರಣೆ ಮಾರ್ಕ್ಸಿನದು: ಇಷ್ಟು ಬಿದ್ದರೆ ಪಾಸು, ಇಲ್ಲದಿದ್ದರೆ ಫೇಲು. ಅದನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರ ಮುಖಕ್ಕೂ ಮಂಕು ಕವಿಯಿತು. ಕೊನೆಗೆ ಸೀಮೆಸುಣ್ಣ ಇಟ್ಟು ಕೇಳಿದೆ: "ಪುಸ್ತಕ ಬಿಡ್ರಿ. ನಿಮ್ಮ ಮನ್ಯಾಗ ಒಮ್ಮೆ ಮಾಡೂದು, ಒಮ್ಮೆ ಬಿಡೂದು ಅಂತ ಯಾವ ಕೆಲಸ ಐತಿ, ಹೇಳ್ರಿ."

ಹಿಂದಿನ ಬೆಂಚಿನಿಂದ ಒಂದು ದಪ್ಪ ದನಿ ಬಂತು: "ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಡೂದಿಲ್ರಿ."

ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಸೋಮವಾರ ಬಸವಣ್ಣನ ವಾರ. ಎಷ್ಟೇ ಅವಸರವಿದ್ದರೂ ಅವತ್ತು ಎತ್ತಿಗೆ ರಜೆ, ನೇಗಿಲಿಗೆ ಹೂಡುವುದಿಲ್ಲ. ನನಗೆ ಬೆಲ್ಲ ತಿಂದಷ್ಟು ಸಂತೋಷವಾಯಿತು. "ಅದ ನೋಡ್ರಿ ಇಫ್," ಅಂದೆ. "ವಾರ ಸೋಮವಾರ ಇದ್ರ ಎತ್ತಿಗೆ ಸೂಟಿ. ಇಲ್ಲಂದ್ರ ರಂಟಿ ಹೊಡಿ." ಇಡೀ ಕ್ಲಾಸು ಒಮ್ಮೆಲೆ ಹಾಂ ಅಂದಿತು. ಅರ್ಧ ತಿಂಗಳಿನಿಂದ ಆಗದ್ದು ಒಂದು ಮಾತಿನಲ್ಲಿ ಆಯಿತು.

ಆ ದಪ್ಪ ದನಿಯವನನ್ನು ಇಲ್ಲಿ ಪರಿಚಯ ಮಾಡಿಕೊಡಬೇಕು. ಮಹಾಗಾಂವದವನು, ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವನು. ಅವನ ಜೊತೆಯವರೆಲ್ಲ ಡಿಗ್ರಿ ಮುಗಿಸಿ ಹೋಗಿದ್ದರು. ಇವನೂ ಎಲ್ಲ ವಿಷಯ ಪಾಸಾಗಿ, ಇದೊಂದರಲ್ಲಿ ಎರಡು ಸಲ ಬಿದ್ದು, ತನಗಿಂತ ಸಣ್ಣವರ ನಡುವೆ ಮತ್ತೆ ಕುಳಿತಿದ್ದ. ಹುಳದ ಹೆಸರು, ರೋಗದ ಹೆಸರು, ಔಷಧದ ಪ್ರಮಾಣ ಎಲ್ಲ ಅವನಿಗೆ ಬಾಯಿಪಾಠ. ಅದೇ ಕಷ್ಟವಾಗಿತ್ತು. ಪ್ರೋಗ್ರಾಮನ್ನೂ ಅವನು ಹಾಗೇ ಬಾಯಿಪಾಠ ಮಾಡುತ್ತಿದ್ದ. ಇಡೀ ಪುಸ್ತಕದ ಪ್ರೋಗ್ರಾಮುಗಳನ್ನು ಚುಕ್ಕೆ, ಕಂಸ ಬಿಡದೆ ಮಂತ್ರದ ಹಾಗೆ ಹೇಳುತ್ತಿದ್ದ. ಆದರೆ ಪರೀಕ್ಷೆಯಲ್ಲಿ, "ಇದರಾಗ ಇಷ್ಟ ಬದಲ ಮಾಡಿ ತೋರಸು" ಅಂದರೆ ಸಾಕು, ಎದ್ದು ಬಂದುಬಿಡುತ್ತಿದ್ದ. ಎರಡು ಸಲವೂ ಆದದ್ದು ಅದೇ.

ಇವನು ಪಾಸಾಗುವುದಕ್ಕೆ ಒಂದು ಅಂಗಡಿ ಕಾದು ನಿಂತಿತ್ತು. ಬೆಳೆಯ ಔಷಧ ಮಾರಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಈ ಡಿಗ್ರಿ ಬೇಕು. ಅವನ ಅಪ್ಪ ಮಗ ಪಾಸಾಗಿಯೇ ಆಗುತ್ತಾನೆ ಎಂದು ಮಹಾಗಾಂವದ ರಸ್ತೆಗೆ ಅಂಗಡಿ ಕಟ್ಟಿಸಿ, ಶಟರ್ ಕೂಡಿಸಿ, ಮಗನ ಹೆಸರು ಮತ್ತು ಡಿಗ್ರಿ ಬರೆಸಿ ಬೋರ್ಡನ್ನೂ ಏರಿಸಿದ್ದರು. ಮಗ ಬಿದ್ದ. ಬೋರ್ಡು ಇಳಿಸಲು ಮನಸ್ಸು ಬರಲಿಲ್ಲ. ಸುಳ್ಳು ಬರೆದಿಟ್ಟರೆ ಪಾಪ ಎಂದು, ಡಿಗ್ರಿಯ ಅಕ್ಷರಗಳಷ್ಟನ್ನು ಮಾತ್ರ ಖಾಲಿ ಗೊಬ್ಬರದ ಚೀಲದಿಂದ ಮುಚ್ಚಿ ಕಟ್ಟಿದ್ದರು. ಆ ಹಾದಿಯಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ಆ ಚೀಲ ನೋಡುತ್ತಿದ್ದರು. ಗಡಹಿಂಗ್ಲಜದ ಸಂತೆಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡರೆ ಆ ಅಪ್ಪ ಟೊಪ್ಪಿಗೆ ತೆಗೆದು ಒಂದೇ ಮಾತು ಕೇಳುತ್ತಿದ್ದರು:

"ಬಾಯಾರ, ಚೀಲಾ ಬಿಚ್ಚೂದು ಆಕ್ಕೈತೇನ್ರಿ?"

"ಶಿವಾ ಅದಾನ್ರಿ," ಎನ್ನುತ್ತಿದ್ದೆ ನಾನು. ಅವರು ಮೇಲೆ ನೋಡಿ, "ಅಂವಾ ಇದ್ದಾನ್ರಿ. ಎಕ್ಸ್‌ಟರ್ನಲ್ ಹೆಂತಾಂವ ಬರ್ತಾನ, ಅದನ್ನ ಹೇಳ್ರಿ," ಎನ್ನುತ್ತಿದ್ದರು.

ಸೋಮವಾರದ ಪಾಠದಿಂದ ನನ್ನ ಕೆಲಸ ಹಗುರಾಯಿತು ಅಂದುಕೊಂಡೆ. ಮುಂದಿನ ವಾರವೇ ಗೊತ್ತಾಯಿತು, ರೋಗ ಹಬ್ಬಿದೆ ಎಂದು. ವಾರದ ಹಾಲಿನ ಲೆಕ್ಕ ಕೂಡಿಸುವ ಪ್ರೋಗ್ರಾಮ್ ಬರೆಯಲು ಹೇಳಿದ್ದೆ. ಅರ್ಧ ಕ್ಲಾಸಿನ ಉತ್ತರ ಒಂದು ದಿನದ ಹಾಲು ಕಡಿಮೆ ಬಂದಿತ್ತು. ಒಳಗೆ ಇಣುಕಿದರೆ ಸೋಮವಾರ ಕೂತಿದೆ.

"ಆಕಳಿಗೂ ಸೂಟಿ ಕೊಟ್ಟೀರೇನಪಾ?" ಅಂದೆ.

"ಆಕಳ ಬಸವಣ್ಣನ ತಾಯಿ ಅಲ್ಲೇನ್ರಿ ಮ್ಯಾಡಮ್," ಅಂದ ಒಬ್ಬ.

"ಹಾಲ ಕರೀಲಿಲ್ಲಂದ್ರ ಕೆಚ್ಚಲ ಬಾವು ಬರತೈತಿ, ಆಗ ನಿನಗ ಕೊಂಬಿಲೆ ಕಲಸ್ತಾಳ ಬಸವಣ್ಣನ ತಾಯಿ," ಅಂದ ಅವನ ಪಕ್ಕದವನು.

ಕುರಿ ಕಾಯುವ ಮನೆಯಿಂದ ಬಂದ ಒಬ್ಬ ಹುಡುಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳು ತಿರುಗಿ, "ನಿಮ್ಮ ಎತ್ತಿನ ದೇವರು ಸೌಕಾರ ಐತಿ, ವಾರಕ್ಕೊಂದು ಸೂಟಿ ತಗೋತೈತಿ. ನಮ್ಮ ಕುರಿಗೆ ಯಾವ ವಾರಾನೂ ಇಲ್ಲ. ಸೋಮವಾರ ಕಟ್ಟಿಹಾಕಿದ್ರ ಮಂಗಳವಾರ ನಮ್ಮನ್ನ ತಿಂತಾವ," ಅಂದಳು. ಆಮೇಲೆ ಪಾಠ ಬಿಟ್ಟು ಚರ್ಚೆಯಾಯಿತು. ಸೋಮವಾರ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ? ಕುಂಟೆ ನಿಲ್ಲುತ್ತದೆ. ಟ್ರ್ಯಾಕ್ಟರ್ ನಡೆಯುತ್ತದೆ. ಬಂಡಿ ನಿಲ್ಲುತ್ತದೆ, ಆದರೆ ಬಾಣಂತಿಯನ್ನು ಕರೆತರುವುದಿದ್ದರೆ ನಡೆಯುತ್ತದೆ. ಇಷ್ಟು ಇಫ್‌ಗಳು ಪುಸ್ತಕ ಬರೆದವರ ತಲೆಗೂ ಬಂದಿರಲಿಕ್ಕಿಲ್ಲ.

ಸಂಜೆ ಮನೆಯಲ್ಲಿ ಹೇಳಿದಾಗ ಅತ್ತೆಯವರು ಬಹಳ ಮೆಚ್ಚಿಕೊಂಡರು. "ಕಂಪ್ಯೂಟರ್ ಮಂದಿನ್ನ ಕೆಡಸ್ತೈತಿ ಅಂತ ತಿಳಕೊಂಡಿದ್ನಿ. ನಿಮ್ಮದು ಆಚಾರವಂತ ಮಷೀನ್ ಐತಿ ಬಿಡು."

ಆದರೂ ಮರುದಿನ ಕ್ಲಾಸಿಗೆ ಹೋಗಿ ನನ್ನ ಇಚಲಕರಂಜಿ ಗಂಟಲಿನಲ್ಲಿ ತಾಕೀತು ಮಾಡಿದೆ: "ಪರೀಕ್ಷಾದಾಗ ಪ್ರಶ್ನಿದಾಗ ಇದ್ದದ್ದ ಅಷ್ಟ ಬರೀಬೇಕು. ಸೋಮವಾರ ಬಂದ್ರ ನಾ ಮಾರ್ಕ್ಸ ಕಡೀತೇನಿ." ಎಲ್ಲರೂ ತಲೆ ಅಲ್ಲಾಡಿಸಿದರು. ಮಹಾಗಾಂವದವನು ಎಲ್ಲರಿಗಿಂತ ಜೋರಾಗಿ ಅಲ್ಲಾಡಿಸಿದ.

ಪರೀಕ್ಷೆಯ ವೇಳಾಪತ್ರಿಕೆ ಬಂತು. ಪ್ರ್ಯಾಕ್ಟಿಕಲ್ ಬಿದ್ದದ್ದು ಸೋಮವಾರವೇ. ಹುಡುಗರಿಗಿಂತ ಹೆಚ್ಚು ಹೆದರಿದವರು ಅಟೆಂಡರು. ನಮ್ಮ ಕೊಲ್ಹಾಪುರ ಸೀಮೆಯಲ್ಲಿ ಹೊರಗಿನಿಂದ ಪರೀಕ್ಷಕರು ಬಂದರೆ ಮಟನ್ನು, ಕೆಂಪು ರಸ್ಸಾ, ಬಿಳಿ ರಸ್ಸಾ ಆಗಲೇಬೇಕು. ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಕುಳಿತ ಮೇಲೆಯೇ ಮಾರ್ಕ್ಸು ಬೀಳುತ್ತವೆ ಎಂದು ಅವರ ನಂಬಿಕೆ.

"ಸೋಮವಾರ ಅಂತ್ರಿ ಮ್ಯಾಡಮ್. ಮಟನ್ ಬಂದ್," ಅಂದರು ಅವರು, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ. "ಬೆಂಡಿಕಾಯಿ ತಿಂದ ಮನಶ್ಯಾ ಮಾರ್ಕ್ಸ ಹೆಂಗ ಹಾಕ್ತಾನ್ರಿ?"

"ದೇವರ ವಾರ ಐತಿ. ಛಲೋನ ಆಕ್ಕೈತಿ."

"ನಿಮಗ ಉಪಾಸ ಮಾಡಿ ರೂಢಿ ಐತ್ರಿ. ಅವರಿಗೆ?"

ಆ ಸೋಮವಾರ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿದೆ. ಬಿಲ್ವಪತ್ರೆ ಏರಿಸುವಾಗ ನನಗಾಗಿ ಏನೂ ಕೇಳಲಿಲ್ಲ, ಆ ಚೀಲಕ್ಕಾಗಿ ಕೇಳಿಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅದನ್ನೂ ಉಪಕಾರದ ಲೆಕ್ಕಕ್ಕೆ ಹಾಕಿಕೊಂಡೆ. ಲ್ಯಾಬಿನಲ್ಲಿ ಕರೆಂಟು ಇತ್ತು. ಅದನ್ನೂ ಹಾಕಿಕೊಂಡೆ.

ಪರೀಕ್ಷಕರು ಕೊಲ್ಹಾಪುರದಿಂದ ಬಂದರು. ತೆಳ್ಳಗಿನ ಹಿರಿಯರು, ದಾರ ಕಟ್ಟಿದ ಕನ್ನಡಕ, ಮಾತೆಲ್ಲ ಮರಾಠಿ. ನಮ್ಮ ಹುಡುಗರಿಗೆ ಎರಡೂ ಭಾಷೆ ನೀರು ಕುಡಿದಂತೆ. ಅವತ್ತು ಮರಾಠಿಯಲ್ಲಿ ನಡೆದದ್ದನ್ನು ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅಟೆಂಡರು ಊಟಕ್ಕೆ ಏನು ಮಾಡಿಸಲಿ ಎಂದು ಕೇಳಲು ಹೋಗಿ ಮುಖ ಇಳಿಸಿಕೊಂಡು ಬಂದರು.

"ಅವರದೂ ಸೋಮವಾರ ಉಪಾಸ ಅಂತ್ರಿ. ಬೆಂಡಿಕಾಯಿನೂ ಹೋತು. ಎರಡ ಬಾಳಿಹಣ್ಣು ಸಾಕಂದ್ರು."

ನನಗೆ ಸ್ವಲ್ಪ ಧೈರ್ಯ ಬಂತು. ಉಪವಾಸ ಇರುವವರಿಗೆ ದೇವರ ಭಯ ಇರುತ್ತದೆ. ಹಾಗೆಯೇ ಹೊಟ್ಟೆಯ ಉರಿಯೂ ಇರುತ್ತದೆ ಎನ್ನುವುದು, ನಾನೂ ಉಪವಾಸದವಳೇ ಆದ್ದರಿಂದ, ಒಂದು ಕ್ಷಣ ಬಿಟ್ಟು ನೆನಪಾಯಿತು.

ಪ್ರಶ್ನೆಗಳ ಚೀಟಿಗಳನ್ನು ತಟ್ಟೆಯಲ್ಲಿ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಎತ್ತಿಸಿದರು. ಹಾಲಿನ ಲೆಕ್ಕ ಒಬ್ಬರಿಗೆ, ಮಳೆಯ ಸರಾಸರಿ ಇನ್ನೊಬ್ಬರಿಗೆ. ಮಹಾಗಾಂವದವನು ತನ್ನ ಚೀಟಿ ಬಿಚ್ಚಿ ಓದಿದ. ಅವನ ಮುಖ ಹಾಗೆ ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಹತ್ತಿರ ಹೋಗಿ ಇಣುಕಿದೆ. ಹೊಲ ಎಷ್ಟು ಎಕರೆ, ಒಂದು ಜೋಡಿ ಎತ್ತು ದಿನಕ್ಕೆ ಎಷ್ಟು ಎಕರೆ ರಂಟೆ ಹೊಡೆದು ಉಳುತ್ತವೆ, ಯಾವ ವಾರ ಆರಂಭ, ಇಷ್ಟನ್ನು ಕೇಳಿಕೊಂಡು ಯಾವ ವಾರ ಕೆಲಸ ಮುಗಿಯುತ್ತದೆ ಎಂದು ಹೇಳುವ ಪ್ರೋಗ್ರಾಮ್ ಬರೆಯಬೇಕಿತ್ತು. ಸೋಮವಾರ ಬೇಡ ಬೇಡ ಎಂದು ಕಣ್ಣಿನಲ್ಲೇ ಅಂದೆ. ಅವನು ನನಗೆ ನಕ್ಕು ತಲೆ ಅಲ್ಲಾಡಿಸಿ ಅಕ್ಷರ ಊರಲು ತೊಡಗಿದ.

ಪರೀಕ್ಷಕರು ಒಬ್ಬೊಬ್ಬರನ್ನೇ ನೋಡುತ್ತ ಅವನ ಬಳಿ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಎಕರೆ ಎಷ್ಟು ಎಂದು ಯಂತ್ರ ಕೇಳಿತು, ಅವರು ಒಂದು ಅಂಕಿ ಹೊಡೆದರು. ದಿನಕ್ಕೆ ಎಷ್ಟು ಎಂದು ಕೇಳಿತು, ಹೊಡೆದರು. ಯಾವ ವಾರ ಆರಂಭ ಎಂದು ಕೇಳಿತು. ಯಾರೇ ಆದರೂ ಅವತ್ತಿನ ವಾರವನ್ನೇ ಹೊಡೆಯುತ್ತಾರಲ್ಲ, ಅವರೂ ಸೋಮವಾರ ಎಂದು ಹೊಡೆದರು. ಪರದೆಯ ಮೇಲೆ ಒಂದು ಸಾಲು ಬಂತು: ಇವತ್ತು ಸೋಮವಾರ, ಎತ್ತಿಗೆ ಸೂಟಿ, ನಾಳೆ ಬರ್ರಿ.

ಅಷ್ಟೇ. ಪ್ರೋಗ್ರಾಮ್ ನಿಂತುಹೋಯಿತು.

ಅವರು ಕನ್ನಡಕ ಏರಿಸಿ ಓದಿದರು. ಮತ್ತೆ ಮೊದಲಿನಿಂದ ಎಲ್ಲ ಹೊಡೆದರು. ಮತ್ತೆ ಅದೇ ಬಂತು. ತಿರುಗಿ ಅಟೆಂಡರನ್ನು ಕೇಳಿದರು: "ನಿಮ್ಮ ಮಷೀನ್‌ಗೋಳು ಸೋಮವಾರ ಬಂದ್ ಇರ್ತಾವೇನು?"

ಅಟೆಂಡರು ಓಡಿಬಂದು ಮೇಜಿನ ಕೆಳಗೆ ತೂರಿ ವೈರುಗಳನ್ನು ಅಲುಗಿಸಿದರು. "ಎಲ್ಲಾ ಬರೋಬ್ಬರಿ ಅದಾವ್ರಿ ಸರ್," ಎಂದು ಕೆಳಗಿನಿಂದಲೇ ಹೇಳಿದರು.

"ಮಷೀನ್ ಚಾಲೂ ಐತ್ರಿ ಸರ್," ಅಂದ ನಮ್ಮವನು, ಬಹಳ ಸಮಾಧಾನದಿಂದ. "ಸೋಮವಾರ ಎತ್ತ ಹೂಡೂದಿಲ್ರಿ. ಅದಕ್ಕ."

"ಪ್ರಶ್ನಿದಾಗ ಸೋಮವಾರ ಎಲ್ಲೈತಿ?"

"ಪ್ರಶ್ನಿದಾಗ ಇಲ್ರಿ ಸರ್. ವಾರದಾಗ ಐತಿ."

ಪರೀಕ್ಷಕರು ನನ್ನ ಕಡೆ ನೋಡಿದರು. "ಇದನ್ನ ನೀವು ಕಲಿಸಿದ್ದೇನ್ರಿ?"

"ಹೌದ್ರಿ," ಅಂದೆ. ಆಮೇಲೆ, "ಇಲ್ರಿ," ಅಂದೆ. ಆಮೇಲೆ ಸತ್ಯವನ್ನೇ ಹೇಳಿದೆ: "ಇಫ್ ನಂದು. ಸೋಮವಾರ ಅವಂದು."

"ಹಂಗಾರ ನಾ ನಾಳೆ ಬರಬೇಕೇನು? ನಾಳೆ ನನಗ ಇಚಲಕರಂಜಿ ಕಾಲೇಜಿನ್ಯಾಗ ಪರೀಕ್ಷಾ ಐತಿ."

ಅವರು ಒಂದು ಬಾಳೆಹಣ್ಣು ಸುಲಿದು ತಿಂದರು. ತಿನ್ನುವ ತನಕ ನಾವೆಲ್ಲ ಅದನ್ನೇ ನೋಡುತ್ತ ನಿಂತಿದ್ದೆವು. ಸಿಪ್ಪೆಯನ್ನು ಅಟೆಂಡರ ಕೈಗೆ ಕೊಟ್ಟು, ಮಂಗಳವಾರ ಎಂದು ಹೊಡೆದರು. ಪ್ರೋಗ್ರಾಮ್ ಸರಾಗ ಓಡಿ ಒಂದು ವಾರದ ಹೆಸರು ಹೇಳಿತು. ಅವರು ಬೆರಳು ಮಡಚಿ, ನಡುವಿನ ಸೋಮವಾರ ಬಿಟ್ಟು ಎಣಿಸಿ ನೋಡಿದರು. ತಾಳೆ ಬಿತ್ತು.

"ಎತ್ತಿನ ಲೆಕ್ಕ ಬರೋಬ್ಬರಿ ಐತಿ," ಅಂದರು. "ಆದ್ರ ಕೇಳದ್ದನ್ನ ಬರದಿ. ಈಗ ನಾ ಕೇಳತೇನಿ. ಅದ ಹೊಲಕ್ಕ ಟ್ರ್ಯಾಕ್ಟರ್ ತರ್ತೇನಿ. ಅದಕ್ಕೂ ಸೂಟಿ ಐತೇನು?"

"ಇಲ್ರಿ ಸರ್. ಟ್ರ್ಯಾಕ್ಟರ್‌ಗೆ ಯಾವ ದೇವರ ವಾರಾನೂ ಇಲ್ರಿ."

"ಹಂಗಾರ ಬದಲ ಮಾಡು. ನನ್ನ ಮುಂದ."

ಅವನ ಎರಡೂ ಕೈಗಳು ಕೀಬೋರ್ಡಿನಿಂದ, ಕಾದ ಹಂಚು ಮುಟ್ಟಿದವನ ಹಾಗೆ ಹಿಂದೆ ಸರಿದು ತೊಡೆಯ ಮೇಲೆ ಬಿದ್ದವು. ಬದಲು ಮಾಡು ಎಂಬ ಆ ಮಾತಿಗೇ ಅವನು ಎರಡು ಸಲ ಎದ್ದು ಹೋಗಿದ್ದ. ಕುರ್ಚಿ ಸ್ವಲ್ಪ ಹಿಂದಕ್ಕೆ ಜರುಗಿತು. ನಾನು ಬಾಯಿ ತೆರೆಯುವಂತಿರಲಿಲ್ಲ, ತೆರೆದರೆ ಅವನು ಅಲ್ಲೇ ಫೇಲು. ಮೆಲ್ಲಗೆ ಒಂದು ಶಬ್ದ ಉಸುರಬಹುದಿತ್ತೇನೋ, ಆದರೆ ಮೆಲ್ಲಗೆ ಉಸುರುವ ಗಂಟಲು ನನಗೆ ದೇವರು ಕೊಟ್ಟಿಲ್ಲ. ಅದನ್ನೂ ಒಂದು ಉಪಕಾರ ಎಂದೇ ಈಗ ಎಣಿಸುತ್ತೇನೆ. ಕಿಟಕಿಯ ಕಡೆ ತಿರುಗಿ ಮನಸ್ಸಿನಲ್ಲಿ ಓಂ ನಮಃ ಶಿವಾಯ ಅನ್ನತೊಡಗಿದೆ.

ಹಿಂದಿನಿಂದ ಅವನ ಗೊಣಗಾಟ ಕೇಳಿತು. ಬಾಯಿಪಾಠದ ರಾಗ ಅದರಲ್ಲಿರಲಿಲ್ಲ, ಎತ್ತಿನ ಜೊತೆ ಮಾತಾಡುವ ಹಾಗಿತ್ತು. "ಮೊದ್ಲ ಕೇಳಬೇಕಲಾ. ಎತ್ತ ತಂದಾನೋ ಟ್ರ್ಯಾಕ್ಟರ್ ತಂದಾನೋ, ಕೇಳದ ಹೆಂಗ ಗೊತ್ತಾಕ್ಕೈತಿ." ಟಕ್ ಎಂದು ಒಂದು ಅಕ್ಷರ ಬಿತ್ತು. ಇನ್ನೊಂದು. ಬಹಳ ಹೊತ್ತು ಬಿಟ್ಟು ಮತ್ತೊಂದು. ನಾನು ತಿರುಗಿ ನೋಡಿದೆ. ಓಡಿಸಿದ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬಂತು.

ಎದ್ದೇಳುತ್ತಾನೆ ಅಂದುಕೊಂಡೆ. ಎದ್ದೂ ಎದ್ದ, ಅರ್ಧ. ಹಾಗೇ ಬಗ್ಗಿ ನಿಂತು ಪರದೆ ನೋಡಿದ. "ಈ ಸಾಲು ಒಡ್ಡಿನ ಹೊರಗ ಬಿದ್ದೈತಿ," ಎಂದು ತನಗೇ ಹೇಳಿಕೊಂಡು, ಆ ಸಾಲನ್ನು ಇಫ್‌ನ ಕೆಳಗೆ ಸ್ವಲ್ಪ ಒಳಕ್ಕೆ ದೂಡಿ, ನಿಂತೇ ಓಡಿಸಿದ.

ಯಂತ್ರ ಕೇಳಿತು: ಎತ್ತೋ, ಟ್ರ್ಯಾಕ್ಟರೋ? ಪರೀಕ್ಷಕರು ಟ್ರ್ಯಾಕ್ಟರ್ ಅಂದರು, ಸೋಮವಾರ ಅಂದರು. ಲೆಕ್ಕ ಬಂತು. ಎತ್ತು ಅಂದರು, ಸೋಮವಾರ ಅಂದರು. ನಾಳೆ ಬರ್ರಿ ಅಂದಿತು. ಮುದುಕರಿಗೆ ಏನು ತೋಚಿತೋ, ಮೂರನೆಯ ಸಲ ಒಂಟೆ, ಸೋಮವಾರ ಎಂದು ಹೊಡೆದರು. ಎತ್ತಿಗೆ ಸೂಟಿ, ನಾಳೆ ಬರ್ರಿ ಎಂದು ಬಂತು.

"ಒಂಟಿಗೂ ಸೋಮವಾರ ಐತೇನೋ?"

"ನಮ್ಮ ಕಡೆ ಒಂಟಿ ಇಲ್ರಿ ಸರ್," ಅಂದ ಅವನು ಬೆವರು ಒರೆಸಿಕೊಳ್ಳುತ್ತ. "ಬಂದ್ರ ಒಂಟಿಯವರನ್ನ ಕೇಳಿ ಹಾಕತೇನಿ."

ಅವರು ನಕ್ಕರೋ, ಕೆಮ್ಮಿದರೋ ತಿಳಿಯಲಿಲ್ಲ. ಮುಂದಿನ ಹುಡುಗಿಯ ಕಡೆ ಕುರ್ಚಿ ಎಳೆದುಕೊಂಡರು. ಸಂಜೆ ಹೊರಡುವಾಗ ನಾನು ಕೊಟ್ಟ ಚಹಾ ಕುಡಿದು ಇಷ್ಟೇ ಹೇಳಿದರು: "ಪ್ರಶ್ನಿ ನೋಡಿ ಬರೀಲಿಲ್ಲ ಅಂತ ಮಾರ್ಕ್ಸ ಕಡದೇನಿ. ಬದಲ ಮಾಡಿದ್ದಕ್ಕ ಹಾಕೇನಿ. ಮುಂದ ನಿಮ್ಮ ಶಂಕರನ ಇಚ್ಛಾ." ಕಡಿದದ್ದು ಹೆಚ್ಚೋ ಹಾಕಿದ್ದು ಹೆಚ್ಚೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಿಸಲ್ಟು ಬರುವ ತನಕ ಅವನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಏನೂ ಕೇಳಲಿಲ್ಲ. ದೂರದಿಂದಲೇ ಕೈ ಮುಗಿದು, ಕಬ್ಬಿನ ಹಾಲಿನ ಗಾಡಿಯ ಹಿಂದೆ ಮರೆಯಾಗುತ್ತಿದ್ದರು. ಕೇಳಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು ನನಗೆ.

ರಿಸಲ್ಟು ಬಂದ ದಿನ ಅವರು ನಮ್ಮವರ ಅಂಗಡಿಗೆ ಹೋಗಿ, ಗಿರಾಕಿಗಳ ನಡುವೆ ನಿಂತು, "ದಾಟಿತ್ರಿ," ಅಂದರಂತೆ. ಯಾವುದೋ ಮೋಟರು ದುರಸ್ತಿಯಾದ ಸುದ್ದಿ ಎಂದುಕೊಂಡು ನಮ್ಮವರು, "ಆಂಪಿಯರ್ ಎಷ್ಟು ತಗೋತೈತಿ?" ಅಂದರಂತೆ. ಹುಡುಗನಿಗೆ ಪಾಸಾಗಲು ಎಷ್ಟು ಬೇಕೋ ಅಷ್ಟೇ ಬಿದ್ದಿತ್ತು, ಒಂದೂ ಹೆಚ್ಚಿಲ್ಲ. ದೇವರು ಬೇಕಾದಷ್ಟೇ ಕೊಡುತ್ತಾನೆ ಎನ್ನುವುದನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸಿದ್ದು ನಾನು ನೋಡಿದ್ದು ಅದೇ.

ಬಾಣಂತನ ಮುಗಿಸಿ ಆ ಮ್ಯಾಡಮ್ ಮರಳಿ ಬಂದರು, ನಾನು ಮನೆಗೆ ಬಂದೆ. ಲೈಸೆನ್ಸಿಗೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಅಂಗಡಿ ತೆರೆಯುವ ದಿನಕ್ಕೆ ಅಪ್ಪ, ಮಗ ಇಬ್ಬರೂ ಬಂದು ಕರೆದರು. ಅತ್ತೆಯವರನ್ನು ಕರೆದುಕೊಂಡು ಮಹಾಗಾಂವಕ್ಕೆ ಹೋದೆ. ಚೀಲ ಬಿಚ್ಚುವ ಕೆಲಸ ಯಾರಿಗೂ ಉಳಿದಿರಲಿಲ್ಲ, ಗಾಳಿಗೆ ಅದು ಯಾವಾಗಲೋ ಹರಿದು ಹೋಗಿತ್ತು. ಪೂಜೆ ಮುಗಿದು ನಮಗೆ ಪೇಢೆ ಕೊಡುವ ಹೊತ್ತಿಗೆ ಮೊದಲ ಗಿರಾಕಿ ಬಂದರು. ವಯಸ್ಸಾದವರು, ಸೈಕಲ್ ಮೇಲೆ ಬಂದಿದ್ದರು.

"ಮೆಣಸಿನ ಗಿಡಾ ಮುದುಡ್ಯಾವೋ. ಔಷಧಾ ಕೊಡು."

"ಎಲಿ ಮ್ಯಾಲ ಮಾರಿ ಮಾಡಿ ಮುದುಡ್ಯಾವೋ, ಕೆಳಗ ಮುದುಡ್ಯಾವೋ, ಕಾಕಾ?"

"ಮುದುಡ್ಯಾವ ಅಂದ್ನೆಲ್ಲೋ."

"ಮ್ಯಾಲ ಇದ್ರ ಬ್ಯಾರೆ ಹುಳಾ, ಬ್ಯಾರೆ ಔಷಧಾ. ಕೆಳಗ ಇದ್ರ ಬ್ಯಾರೆ."

"ಎರಡೂ ಕೊಡು ಹಂಗಾರ."

"ಎರಡೂ ಅಂತ ಇಲ್ಲ ಕಾಕಾ. ಇದು, ಇಲ್ಲಂದ್ರ ಅದು. ನೋಡಕೊಂಡ ಬಾ."

ಮುದುಕರು ನಮ್ಮ ಕಡೆ ತಿರುಗಿದರು. "ಔಷಧಾ ತಗೊಳಾಕ ಬಂದ್ರ ಪರೀಕ್ಷಾ ತಗೋತಾನಲಾ ಇಂವಾ. ಯಾರ ಕಲಿಸ್ಯಾರವಾ ಇವಗ?"

"ಈಕೀನ," ಎಂದು ಅತ್ತೆಯವರು ನನ್ನನ್ನು ತೋರಿಸಿದರು. ಅವರ ದನಿಯಲ್ಲಿ ಜಂಬವಿತ್ತು. ನಾನು ಪೇಢೆ ಬಾಯಿಗೆ ಹಾಕಿಕೊಂಡೆ.

ಮುದುಕರು ಬೈಯುತ್ತ ಸೈಕಲ್ ಹತ್ತಿ ಹೊಲದ ಕಡೆ ಹೋದರು. ಅಪ್ಪ ಹಣೆ ಹಿಡಿದುಕೊಂಡು ಹಣದ ಗಲ್ಲೆಯ ಪಕ್ಕದ ಗೊಬ್ಬರದ ಚೀಲದ ಮೇಲೆ ಕುಸಿದರು. "ಬೋಣಿ ಗಿರಾಕಿನ್ನ ಓಡಿಸಿದೆಲ್ಲೋ. ಏನ ಬೇಡತಾನ ಅದನ್ನ ಕೊಟ್ಟ ಕಳಸೂದಲ್ಲೇನು?"

"ಬರ್ತಾನ ತಗೋ ಅಪ್ಪಾ," ಅಂದ ಮಗ, ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತ.

ನಮ್ಮ ಬಸ್ಸು ಬಂತು. ಅತ್ತೆಯವರು ಏಳಲಿಲ್ಲ. "ಆ ಮನಶ್ಯಾ ಬರ್ತಾನೋ ಇಲ್ಲೋ ನೋಡೇ ಹೋಗೂಣು," ಅಂದರು. ಬಸ್ಸು ಹೋಯಿತು. ಮತ್ತೊಂದು ಪೇಢೆ ತಿಂದೆವು. ಅಪ್ಪ ಒಳಗೂ ಹೊರಗೂ ತಿರುಗಾಡಿದರು. ಕೊನೆಗೆ ದೂರದಲ್ಲಿ ಸೈಕಲ್ ಗಂಟೆ ಕೇಳಿತು. ಮುದುಕರು ಕ್ಯಾರಿಯರಿಗೆ ಇಡೀ ಒಂದು ಮೆಣಸಿನ ಗಿಡವನ್ನೇ ಕಿತ್ತು ಕಟ್ಟಿಕೊಂಡು ಬಂದಿದ್ದರು. ಅದನ್ನು ಗಲ್ಲೆಯ ಮೇಲೆ ಮಣ್ಣಿನ ಸಮೇತ ಇಟ್ಟು, ಉಸಿರು ಬಿಡುತ್ತ ಅಂದರು:

"ಕೆಳಗ."

ಅವನು ಎಲೆಯನ್ನು ತಾನೂ ಒಮ್ಮೆ ತಿರುಗಿಸಿ ನೋಡಿದ. ಮೇಲಿನ ಸಾಲಿನ ಬಾಟಲಿ ಬಿಟ್ಟು ಕೆಳಗಿನ ಸಾಲಿನದನ್ನು ತೆಗೆದು, ಧೂಳು ಒರೆಸಿ, ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡು ಗಿರಾಕಿಗೆ ಕೊಟ್ಟರು.